ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಇಲ್ಲವೇ? 9ನೇ ತರಗತಿಯಲ್ಲಿ ಎರಡು ಅವಧಿಗಳ ಅಭ್ಯಾಸ ಪಾಠ

ಇಂಟರ್ನ್‌ಶಿಪ್ ಅವಧಿಯಲ್ಲಿ ಹುಬ್ಬಳ್ಳಿಯ ಒಂದು ಪ್ರೌಢಶಾಲೆಯ 9ನೇ ತರಗತಿಗೆ 'ಶಬ್ದ' ಘಟಕವನ್ನು ಬೋಧಿಸಿದೆ. ಘಟಕ ಮುಗಿದ ಮೇಲೆ ಅದರ ವಿಸ್ತರಣೆಯಾಗಿ 40 ನಿಮಿಷಗಳ ಎರಡು ಅವಧಿಗಳಲ್ಲಿ ಸ್ಮಾರ್ಟ್‌ಫೋನಿನ ಜಿಪಿಎಸ್ ಕುರಿತು ಪಾಠ ಮಾಡಿದೆ. ಪ್ರತಿಧ್ವನಿಯ ಲೆಕ್ಕಗಳಲ್ಲಿ ಮಕ್ಕಳು ಬಳಸಿದ್ದ 'ದೂರ = ವೇಗ × ಕಾಲ' ಎಂಬ ಸೂತ್ರವೇ ಜಿಪಿಎಸ್‌ನ ಅಡಿಪಾಯ. ಹೀಗಾಗಿ ಪಠ್ಯದಿಂದ ದೂರ ಹೋಗದೆ, ಮಕ್ಕಳ ಮನೆಯಲ್ಲಿರುವ ಉಪಕರಣವೊಂದನ್ನು ತರಗತಿಗೆ ತರಲು ಸಾಧ್ಯವಾಯಿತು. ಪಾಠದ ಯೋಜನೆ, ವಿಷಯ ವಿಶ್ಲೇಷಣೆ, ಮಕ್ಕಳ ಪ್ರತಿಕ್ರಿಯೆ ಮತ್ತು ಈ ಪಾಠವನ್ನು ಮಾಡಬಯಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಪೂರ್ವಜ್ಞಾನ ಪರಿಶೀಲನೆ

ಪಾಠದ ಹಿಂದಿನ ದಿನ ಒಂದೇ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಉತ್ತರವನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಲು ಹೇಳಿದೆ: "ಫೋನಿನಿಂದ ಸಿಮ್ ತೆಗೆದರೆ, ನೀವು ಎಲ್ಲಿದ್ದೀರಿ ಎಂದು ಅದಕ್ಕೆ ತಿಳಿಯುತ್ತದೆಯೇ? ಏಕೆ?"

ಹೆಚ್ಚಿನ ಚೀಟಿಗಳಲ್ಲಿ 'ಇಲ್ಲ' ಎಂದಿತ್ತು. ಮರುದಿನ ಕಾರಣ ಕೇಳಿದಾಗ ಬಂದ ಮಾತುಗಳನ್ನು ಅವರ ಭಾಷೆಯಲ್ಲೇ ಬರೆದುಕೊಂಡೆ. "ನೆಟ್ ಇರಲಿಲ್ಲಂದ್ರ ಲೊಕೇಶನ್ ತೋರ್ಸಂಗಿಲ್ರಿ ಮೇಡಂ, ನಾನs ನೋಡೇನಿ." "ರೀಚಾರ್ಜ್ ಮುಗದ್ರ ಜಿಪಿಎಸ್‌ನೂ ಬಂದ್ ಆಗ್ತದ್ರಿ." 'ತಿಳಿಯುತ್ತದೆ' ಎಂದು ಬರೆದ ಕೆಲವರ ಕಾರಣ ಬೇರೆಯೇ ಇತ್ತು: "ಸೆಟಲೈಟ್ ಮ್ಯಾಲಿಂದ ನಮ್ಮನ್ನ ನೋಡ್ತಿರ್ತದ್ರಿ."

ಈ ಉತ್ತರಗಳಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಒಂದು, ಜಿಪಿಎಸ್ ಎಂಬುದು ಸಿಮ್ ಕಂಪನಿ ಕೊಡುವ ಸೇವೆ. ಇನ್ನೊಂದು, ಉಪಗ್ರಹಕ್ಕೆ ನಮ್ಮ ಇರುವಿಕೆ ಗೊತ್ತು. ಮೊದಲನೆಯದನ್ನು ನಂಬಿದವನು ಸಿಗ್ನಲ್ ಇಲ್ಲದ ಕಡೆ ದಾರಿ ತಪ್ಪಿದಾಗ, ಕೈಯಲ್ಲಿರುವ ಉಪಕರಣವನ್ನು ನಿರುಪಯೋಗಿ ಎಂದು ಕಿಸೆಗೆ ಹಾಕಿಕೊಳ್ಳುತ್ತಾನೆ. ಎರಡನೆಯದನ್ನು ನಂಬಿದವನು 'ಹೇಗೂ ಯಾರಿಗೋ ಗೊತ್ತಿರುತ್ತದೆ' ಎಂದು ಸುಮ್ಮನೆ ಕೂರುತ್ತಾನೆ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ದಾಟಿದರೆ ಕಾಡು. ರಜೆಯಲ್ಲಿ ದಾಂಡೇಲಿ, ಯಲ್ಲಾಪುರದ ಕಡೆ ಹೋಗುವ ಕುಟುಂಬಗಳು ನಮ್ಮ ತರಗತಿಯಲ್ಲೂ ಇದ್ದವು. ಆದ್ದರಿಂದ ಈ ಪಾಠದ ಉದ್ದೇಶ ಪರೀಕ್ಷೆಯ ಅಂಕಕ್ಕಷ್ಟೇ ಸೀಮಿತವಲ್ಲ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಫೋನು ಉಪಗ್ರಹದ ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ ಎಂಬುದನ್ನು ವಿವರಿಸುವರು.
2. ಮೂರು ದೂರಗಳಿಂದ ಒಂದು ಸ್ಥಾನವನ್ನು ನಕ್ಷೆಯಲ್ಲಿ ಕಂಡುಹಿಡಿಯುವರು.
3. ಸ್ಥಾನ ತಿಳಿಯುವುದು, ನಕ್ಷೆ ಕಾಣುವುದು, ಸ್ಥಾನವನ್ನು ಇತರರಿಗೆ ತಿಳಿಸುವುದು ಈ ಮೂರನ್ನು ಪ್ರತ್ಯೇಕಿಸಿ, ಯಾವುದಕ್ಕೆ ಮೊಬೈಲ್ ಜಾಲ ಬೇಕು ಎಂದು ಹೇಳುವರು.
4. ಅಕ್ಷಾಂಶ, ರೇಖಾಂಶಗಳನ್ನು ಫೋನಿನಿಂದ ಓದಿ ಮತ್ತೊಬ್ಬರಿಗೆ ಸರಿಯಾಗಿ ಹೇಳುವರು.

ವಿಷಯ ವಿಶ್ಲೇಷಣೆ

ಸ್ವೀಕರಿಸುವುದು ಮಾತ್ರ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಅಂದಿನಿಂದ ಇಂದಿನವರೆಗೆ ಯಾವ ಮನೆಯಲ್ಲಿ ಯಾರು ರೇಡಿಯೊ ಹಚ್ಚಿದ್ದಾರೆ ಎಂದು ನಿಲಯದ ಪ್ರಸಾರಕಕ್ಕೆ ತಿಳಿದಿಲ್ಲ. ಕೇಳುಗರು ಎಷ್ಟೇ ಹೆಚ್ಚಾದರೂ ಅದಕ್ಕೆ ಹೊರೆಯಿಲ್ಲ, ಕೇಳಲು ರೀಚಾರ್ಜ್ ಬೇಕಿಲ್ಲ. ಜಿಪಿಎಸ್ ಉಪಗ್ರಹವೂ ಹೀಗೆಯೇ. ಅದು ಸುಮಾರು 20,200 ಕಿ.ಮೀ. ಎತ್ತರದಿಂದ 1575.42 ಮೆಗಾಹರ್ಟ್ಸ್ ಆವರ್ತದಲ್ಲಿ 'ನಾನು ಇಂಥ ಉಪಗ್ರಹ, ಈಗ ಸಮಯ ಇಷ್ಟು, ನನ್ನ ಸ್ಥಾನ ಇದು' ಎಂದು ಬಿತ್ತರಿಸುತ್ತಲೇ ಇರುತ್ತದೆ. ಫೋನಿನೊಳಗಿನ ಒಂದು ಸಣ್ಣ ಚಿಪ್ ಅದನ್ನು ಕೇಳಿಸಿಕೊಳ್ಳುತ್ತದೆ.

ಕಾಲದಿಂದ ದೂರ. ರೇಡಿಯೊ ತರಂಗದ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ನೆತ್ತಿಯ ಮೇಲಿರುವ ಉಪಗ್ರಹದಿಂದ ಸಂಕೇತ ಬರಲು 20,200 ÷ 3,00,000, ಅಂದರೆ ಸುಮಾರು 0.067 ಸೆಕೆಂಡು ಸಾಕು. ಸಂಕೇತ ಹೊರಟ ಸಮಯ ಅದರೊಳಗೇ ಇದೆ. ತಲುಪಿದ ಸಮಯದಿಂದ ಅದನ್ನು ಕಳೆದರೆ ದೂರ ಸಿಗುತ್ತದೆ. ಆದರೆ ಇಲ್ಲಿ ಸೆಕೆಂಡಿನ 10 ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಶಬ್ದದ ಘಟಕದಲ್ಲಿ ಸುಮಾರು 340 ಮೀಟರ್ ತಪ್ಪಬೇಕಾದರೆ ಪೂರ್ತಿ ಒಂದು ಸೆಕೆಂಡು ತಪ್ಪಬೇಕಿತ್ತು. ಈ ಎರಡು ಸಾಲುಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ, ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಏಕಿದೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಫೋನಿನ ಗಡಿಯಾರ ಅಷ್ಟು ನಿಖರವಲ್ಲ. ಆದ್ದರಿಂದ ಸ್ಥಾನಕ್ಕಾಗಿ ಮೂರು ಉಪಗ್ರಹಗಳಾದರೆ, ಫೋನಿನ ಗಡಿಯಾರದ ದೋಷವನ್ನು ಕಂಡುಹಿಡಿಯಲು ನಾಲ್ಕನೆಯದು ಬೇಕು.

ನಮ್ಮದೇ ಉದಾಹರಣೆ. ಭಾರತದ 'ನಾವಿಕ್' ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ 2013ರ ಜುಲೈ 1ರಂದು ಶ್ರೀಹರಿಕೋಟಾದಿಂದ ಹಾರಿತು. ವ್ಯವಸ್ಥೆಯ ಸಂಚರಣಾ ಕೇಂದ್ರ ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿದೆ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಆ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಮುಂದೆ ಕೆಟ್ಟವು. ಉಪಗ್ರಹ ಆಕಾಶದಲ್ಲಿದ್ದರೂ ಸ್ಥಾನ ಹೇಳುವ ಕೆಲಸಕ್ಕೆ ಬಾರದಂತಾಯಿತು. ಅದರ ಜಾಗಕ್ಕೆಂದು 2017ರ ಆಗಸ್ಟ್‌ನಲ್ಲಿ ಮಾಡಿದ ಉಡಾವಣೆ ವಿಫಲವಾಯಿತು, 2018ರ ಏಪ್ರಿಲ್‌ನಲ್ಲಿ ಇನ್ನೊಂದು ಉಪಗ್ರಹ ಕಕ್ಷೆ ಸೇರಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಸ್ವದೇಶಿ ಪರಮಾಣು ಗಡಿಯಾರವಿದೆ. ಗಡಿಯಾರ ನಿಂತರೆ ಉಪಗ್ರಹವೇ ನಿಂತಂತೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಗಲಿಲ್ಲ.

ಮೊಬೈಲ್ ಜಾಲದ ಪಾತ್ರ. ಸ್ಥಾನ ಲೆಕ್ಕ ಹಾಕಲು ಫೋನಿಗೆ ಪ್ರತಿ ಉಪಗ್ರಹದ ಕಕ್ಷೆಯ ವಿವರ ಬೇಕು. ಉಪಗ್ರಹ ಅದನ್ನು ತಾನೇ ಕಳಿಸುತ್ತದೆ, ಆದರೆ ಸೆಕೆಂಡಿಗೆ 50 ಬಿಟ್‌ಗಳ ಆಮೆಗತಿಯಲ್ಲಿ. ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಪುನರಾವರ್ತಿಸುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿಯನ್ನು ಪೂರ್ತಿ ಕಳಿಸಲು 12.5 ನಿಮಿಷ ಬೇಕು. ಈ ಪಟ್ಟಿಯನ್ನು ನಾನು ಮಕ್ಕಳಿಗೆ 'ಉಪಗ್ರಹಗಳ ಪಂಚಾಂಗ' ಎಂದು ಪರಿಚಯಿಸಿದೆ. ಮನೆಯ ಗೋಡೆಯ ಪಂಚಾಂಗ ಯಾವ ದಿನ ಯಾವ ಗ್ರಹ ಎಲ್ಲಿ ಎಂದು ಹೇಳುವಂತೆ ಇದು ಯಾವ ಉಪಗ್ರಹ ಎಲ್ಲಿ ಎಂದು ಹೇಳುತ್ತದೆ.

ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಬಸ್ಸುಗಳ ವಿವರವನ್ನು ನಿಧಾನವಾಗಿ ಓದುತ್ತಿದ್ದಾರೆ ಎಂದುಕೊಳ್ಳೋಣ. ನಡುವೆ ಒಂದು ಪದ ತಪ್ಪಿದರೆ ಮುಂದಿನ ಸರದಿಯವರೆಗೆ ಕಾಯಬೇಕು. ಅಷ್ಟರಲ್ಲಿ ಪಕ್ಕದವರು 'ನಿಮ್ಮ ಬಸ್ಸು 6ನೇ ಅಂಕಣದಾಗ ನಿಂತೈತಿ' ಎಂದರೆ ಕಾಯುವುದು ತಪ್ಪುತ್ತದೆ. ಮೊಬೈಲ್ ಜಾಲ ಮಾಡುವ ಸಹಾಯ ಇಷ್ಟೇ. ಟವರಿನ ಮೂಲಕ ಫೋನಿಗೆ ಅಂದಾಜು ಸ್ಥಾನ, ಸಮಯ ಮತ್ತು ಉಪಗ್ರಹಗಳ ಕಕ್ಷೆಯ ವಿವರ ಬೇಗ ಸಿಗುತ್ತದೆ. ಇದನ್ನು 'ನೆರವಿನ ಜಿಪಿಎಸ್' ಅಥವಾ ಎ-ಜಿಪಿಎಸ್ ಎನ್ನುತ್ತಾರೆ. ನೆರವಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಸ್ಥಾನ ಸಿಗುತ್ತದೆ. ನೆರವಿಲ್ಲದೆ ಅರ್ಧ ನಿಮಿಷದಿಂದ ಹಲವು ನಿಮಿಷ ಬೇಕಾಗಬಹುದು. ಪಕ್ಕದವರು ಹೇಳದಿದ್ದರೂ ಬಸ್ಸು ಇದ್ದೇ ಇರುತ್ತದೆ.

ಚಟುವಟಿಕೆ 1: ಗುಟ್ಟಿನ ಊರು

ಧಾರವಾಡ ಜಿಲ್ಲೆಯನ್ನೂ ಸುತ್ತಲಿನ ತಾಲ್ಲೂಕುಗಳನ್ನೂ ತೋರಿಸುವ ನಕ್ಷೆಯ ಪ್ರತಿಯನ್ನು ಪ್ರತಿ ಗುಂಪಿಗೆ ಕೊಟ್ಟೆ. ನಕ್ಷೆಗೆ ಪ್ರಮಾಣ ಇರಬೇಕು, ಕೈವಾರ ಬೇಕು. ಸುಳಿವುಗಳು ನೇರ ದೂರದಲ್ಲಿವೆ, ರಸ್ತೆಯ ದೂರದಲ್ಲಲ್ಲ: ಗುಟ್ಟಿನ ಊರು ಧಾರವಾಡದಿಂದ ಸುಮಾರು 35 ಕಿ.ಮೀ., ನವಲಗುಂದದಿಂದ 38 ಕಿ.ಮೀ., ಕಲಘಟಗಿಯಿಂದ 31 ಕಿ.ಮೀ.

ಮೊದಲ ಸುಳಿವಿಗೆ ಒಂದು ವೃತ್ತ. ಊರು ಆ ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. ಎರಡನೆಯ ವೃತ್ತ ಎಳೆದಾಗ ಎರಡು ಕಡೆ ಛೇದನ: ಒಂದು ದಕ್ಷಿಣಕ್ಕೆ ಕುಂದಗೋಳದಲ್ಲಿ, ಇನ್ನೊಂದು ಉತ್ತರಕ್ಕೆ ಬೆಳಗಾವಿ ಜಿಲ್ಲೆಯ ಸವದತ್ತಿಯ ಹತ್ತಿರ. ಇಲ್ಲಿ ತರಗತಿ ಎರಡು ಪಕ್ಷವಾಯಿತು. ಒಂದು ಗುಂಪು 'ಎಲ್ಲಮ್ಮನ ಗುಡ್ಡ' ಎಂದೇ ವಾದಿಸಿತು. ಕಲಘಟಗಿಯಿಂದ ಮೂರನೆಯ ವೃತ್ತ ಎಳೆದಾಗ ಅದು ಸವದತ್ತಿಯ ಸಮೀಪಕ್ಕೂ ಹೋಗಲಿಲ್ಲ. ಉತ್ತರ ಕುಂದಗೋಳ. ಮೂರನೆಯ ಉಪಗ್ರಹ ಏಕೆ ಬೇಕು ಎಂದು ನಾನು ವಿವರಿಸಬೇಕಾದ ಅಗತ್ಯವೇ ಬರಲಿಲ್ಲ. ಆಕಾಶದಲ್ಲಿ ವೃತ್ತಗಳ ಬದಲು ಗೋಳಗಳಿರುತ್ತವೆ ಎಂಬುದನ್ನಷ್ಟೇ ಸೇರಿಸಿದೆ.

ಚಟುವಟಿಕೆ 2: ಸಿಮ್ ಇಲ್ಲದ ಫೋನು

ಶಾಲೆಗೆ ಮಕ್ಕಳು ಫೋನ್ ತರುವಂತಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನನ್ನದೇ ಎರಡು ಫೋನುಗಳನ್ನು ತಂದಿದ್ದೆ. ಒಂದು ದಿನಬಳಕೆಯದು, ಡೇಟಾ ಇರುವುದು. ಇನ್ನೊಂದು ಹಳೆಯದು, ಸಿಮ್ ಇಲ್ಲ, ವೈಫೈ ಬಂದ್. ಎರಡರಲ್ಲೂ ಉಪಗ್ರಹಗಳ ಸಂಖ್ಯೆ ಮತ್ತು ಅಕ್ಷಾಂಶ, ರೇಖಾಂಶಗಳನ್ನು ತೋರಿಸುವ ಉಚಿತ ಆ್ಯಪ್ ಒಂದನ್ನು ಮನೆಯಲ್ಲೇ ಹಾಕಿಕೊಂಡಿದ್ದೆ.

ಮೊದಲು ತರಗತಿಯೊಳಗೆ ನೋಡಿದೆವು. ಡೇಟಾ ಇರುವ ಫೋನು ನಕ್ಷೆಯಲ್ಲಿ ಶಾಲೆಯ ಸುತ್ತಲಿನ ಜಾಗ ತೋರಿಸಿತು. ಸಿಮ್ ಇಲ್ಲದ ಫೋನಿನಲ್ಲಿ ಏನೂ ಬರಲಿಲ್ಲ. "ನೋಡ್ರಿ ಮೇಡಂ, ನಾವು ಹೇಳಿದ್ದs ಖರೆ" ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ನಾನು ಅಲ್ಲಗಳೆಯದೆ, ಆ ವೀಕ್ಷಣೆಯನ್ನು ಹಾಗೆಯೇ ಹಲಗೆಯ ಮೇಲೆ ಬರೆಸಿದೆ.

ನಂತರ ಮೈದಾನಕ್ಕೆ ಹೋದೆವು. ಸಿಮ್ ಇಲ್ಲದ ಫೋನನ್ನು ಬಯಲಿನಲ್ಲಿ ಇಟ್ಟು, ಒಬ್ಬ ವಿದ್ಯಾರ್ಥಿ ಕೈಗಡಿಯಾರ ನೋಡುತ್ತ ನಿಂತ. ಪರದೆಯ ಮೇಲೆ ಒಂದೊಂದಾಗಿ ಉಪಗ್ರಹಗಳ ಗುರುತು ಮೂಡತೊಡಗಿದವು. ನಾಲ್ಕು ದಾಟಿ ಸ್ವಲ್ಪ ಹೊತ್ತಾದ ಮೇಲೆ ಅಕ್ಷಾಂಶ, ರೇಖಾಂಶಗಳು ಬಂದವು. ಡೇಟಾ ಇರುವ ಫೋನು ಅಷ್ಟರಲ್ಲಿ ಎಂದೋ ಉತ್ತರ ಕೊಟ್ಟಾಗಿತ್ತು. ಎರಡೂ ಫೋನುಗಳ ಅಂಕಿಗಳು ದಶಮಾಂಶದ ಮೂರನೆಯ ಸ್ಥಾನದವರೆಗೆ ಒಂದೇ ಇದ್ದವು. ಆಮೇಲೆ ಸಿಮ್ ಇಲ್ಲದ ಫೋನಿನಲ್ಲಿ ನಕ್ಷೆಯ ಆ್ಯಪ್ ತೆರೆದಾಗ, ಖಾಲಿ ಬಿಳಿ ಪರದೆಯ ನಡುವೆ ನೀಲಿ ಚುಕ್ಕೆ ಕಂಡಿತು. ಒಬ್ಬ ಹುಡುಗಿ "ಚುಕ್ಕಿ ಐತ್ರಿ, ಊರ ಇಲ್ಲ" ಎಂದಳು. ಸ್ಥಾನವೇ ಬೇರೆ, ನಕ್ಷೆಯೇ ಬೇರೆ ಎಂಬ ಮೂರನೆಯ ಉದ್ದೇಶವನ್ನು ಇಷ್ಟು ಚಿಕ್ಕದಾಗಿ ಪಾಠಯೋಜನೆಯಲ್ಲಿ ಬರೆಯಲು ನನಗೆ ಆಗಿರಲಿಲ್ಲ. ಆ ವಾಕ್ಯವನ್ನೇ ಹಲಗೆಯ ಮೇಲೆ ಬರೆದೆ.

ತರಗತಿಗೆ ಮರಳಿ ಮೊದಲಿನ ವೀಕ್ಷಣೆಯನ್ನು ಚರ್ಚಿಸಿದೆವು. ಒಳಗೆ ಸಿಮ್ ಇಲ್ಲದ ಫೋನು ಏಕೆ ಸುಮ್ಮನಿತ್ತು? ಉಪಗ್ರಹದ ಸಂಕೇತ ತುಂಬ ದುರ್ಬಲ; ಕಾಂಕ್ರೀಟ್ ಛಾವಣಿ ಅದನ್ನು ತಡೆಯುತ್ತದೆ. ಹಾಗಾದರೆ ಡೇಟಾ ಇರುವ ಫೋನಿಗೆ ಹೇಗೆ ತಿಳಿಯಿತು? ಅದು ಹತ್ತಿರದ ಟವರು ಮತ್ತು ವೈಫೈ ಗುರುತುಗಳಿಂದ ಅಂದಾಜು ಮಾಡಿತು. ಆ ಅಂದಾಜು ಟವರಿನಿಂದ ಮಾತ್ರ ಆದರೆ ನೂರಾರು ಮೀಟರ್, ಹಳ್ಳಿಯ ಕಡೆ ಕಿಲೋಮೀಟರ್‌ಗಳಷ್ಟು ತಪ್ಪಬಹುದು.

ನನ್ನ ದೃಷ್ಟಿಯಲ್ಲಿ ಪಾಠದ ತಿರುಳು ಇಲ್ಲಿದೆ. ಮಕ್ಕಳ ವೀಕ್ಷಣೆ ಸುಳ್ಳಾಗಿರಲಿಲ್ಲ. ಅವರು ಮನೆಯೊಳಗೆ ಕೂತು ಡೇಟಾ ಬಂದ್ ಮಾಡಿ ನೋಡಿದ್ದರು, ಲೊಕೇಶನ್ ನಿಜವಾಗಿಯೂ ಹೋಗಿತ್ತು. ನಿಂತದ್ದು ಟವರಿನ ಅಂದಾಜು ಮತ್ತು ನಕ್ಷೆ. ಅವರು 'ಜಿಪಿಎಸ್ ನಿಂತಿತು' ಎಂದು ತೀರ್ಮಾನಿಸಿದ್ದರು. ತಪ್ಪು ಕಲ್ಪನೆ ಹಲವು ಸಲ ಅಜ್ಞಾನದಿಂದಲ್ಲ, ಸರಿಯಾದ ಅನುಭವದಿಂದ ತೆಗೆದ ಅವಸರದ ತೀರ್ಮಾನದಿಂದ ಹುಟ್ಟುತ್ತದೆ. 'ನೀವು ಹೇಳಿದ್ದು ತಪ್ಪು' ಎನ್ನುವುದಕ್ಕಿಂತ 'ಎಲ್ಲಿ ನಿಂತು ನೋಡಿದಿರಿ?' ಎಂದು ಕೇಳಿದಾಗ ಚರ್ಚೆ ಮುಂದೆ ಹೋಯಿತು.

ಕಪ್ಪುಹಲಗೆ ಸಾರಾಂಶ

ಸ್ಥಾನ ತಿಳಿಯುವುದು: ಬಯಲು ಬೇಕು, ಜಾಲ ಬೇಡ.
ಬೇಗ ತಿಳಿಯುವುದು: ಜಾಲ ನೆರವಾಗುತ್ತದೆ.
ಕಟ್ಟಡದೊಳಗೆ ಅಂದಾಜು: ಟವರು ಅಥವಾ ವೈಫೈ ಬೇಕು.
ನಕ್ಷೆ ಕಾಣುವುದು: ಡೇಟಾ ಬೇಕು, ಇಲ್ಲವೇ ಮೊದಲೇ ಇಳಿಸಿಕೊಂಡಿರಬೇಕು.
ಇತರರಿಗೆ ತಿಳಿಸುವುದು: ಜಾಲ ಬೇಕೇ ಬೇಕು.

ಕೊನೆಯ ಸಾಲಿಗೆ ಚಿಗರಿ ಬಸ್ಸಿನ ಉದಾಹರಣೆ ಬಳಸಿದೆ. ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಈ ಬಸ್ಸುಗಳ ಓಡಾಟವನ್ನು ನಿಯಂತ್ರಣ ಕೊಠಡಿಯಲ್ಲಿ ಕೂತು ಗಮನಿಸುತ್ತಾರೆ. ಇಂಥ ವ್ಯವಸ್ಥೆಯಲ್ಲಿ ಎರಡು ಹೆಜ್ಜೆಗಳಿವೆ. ತಾನು ಉಣಕಲ್‌ನಲ್ಲಿದ್ದೇನೋ ನವನಗರದಲ್ಲಿದ್ದೇನೋ ಎಂದು ಬಸ್ಸಿನ ಸಾಧನಕ್ಕೆ ತಿಳಿಯುವುದು ಉಪಗ್ರಹಗಳಿಂದ. ಅದು ಕೊಠಡಿಗೆ ತಿಳಿಯಬೇಕಾದರೆ ಸಾಧನವು ಜಾಲದ ಮೂಲಕ ಹೇಳಬೇಕು. ಆಗ ಬಂದ ಪ್ರಶ್ನೆ: "ಹಂಗಾರ ನಾವು ಅಡವ್ಯಾಗ ಕಳದ್ರ ಸೆಟಲೈಟಿಗೆ ಗೊತ್ತಾಗಂಗಿಲ್ಲೇನ್ರಿ?" ಗೊತ್ತಾಗುವುದಿಲ್ಲ. ನಿಮ್ಮ ಸ್ಥಾನ ನಿಮ್ಮ ಫೋನಿಗೆ ಮಾತ್ರ ಗೊತ್ತು. ತರಗತಿ ಒಂದು ಕ್ಷಣ ಮೌನವಾಯಿತು. ಮುಂದಿನ ಚಟುವಟಿಕೆಗೆ ಅದೇ ಪೀಠಿಕೆಯಾಯಿತು.

ಚಟುವಟಿಕೆ 3: ಅಂಕಿ ಹೇಳುವುದು, ಬರೆದುಕೊಳ್ಳುವುದು

ಸಿಗ್ನಲ್ ತೀರ ಕ್ಷೀಣವಾಗಿದ್ದಾಗ ನಕ್ಷೆ ತೆರೆಯುವುದಿಲ್ಲ, ಆದರೆ ಒಂದು ಕರೆ ಅಥವಾ ಎಸ್‌ಎಂಎಸ್ ಹೋಗಬಹುದು. ಆಗ 112ಕ್ಕೋ 108ಕ್ಕೋ ಮನೆಗೋ ಅಕ್ಷಾಂಶ, ರೇಖಾಂಶ ಹೇಳಲು ಬರಬೇಕು. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ಒಬ್ಬರು ಫೋನಿನ ಅಂಕಿ ಓದಬೇಕು, ಇನ್ನೊಬ್ಬರು ಬರೆದುಕೊಂಡು ಮರಳಿ ಓದಿ ಹೇಳಬೇಕು.

ಎರಡು ಅಂಶಗಳು ಹೊರಬಂದವು. ಮೊದಲನೆಯದು, ಎಷ್ಟು ದಶಮಾಂಶ ಸ್ಥಾನ ಹೇಳಬೇಕು? ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆದ್ದರಿಂದ ಎರಡು ಸ್ಥಾನ ಹೇಳಿದರೆ ಹುಡುಕುವವರು ಒಂದು ಕಿ.ಮೀ.ಗಿಂತ ಹೆಚ್ಚು ಅಲೆಯಬೇಕಾದೀತು. ಮೂರು ಹೇಳಿದರೆ ಸುಮಾರು 110 ಮೀಟರ್, ನಾಲ್ಕು ಹೇಳಿದರೆ ಸುಮಾರು 11 ಮೀಟರ್. ಈ ಕೋಷ್ಟಕವನ್ನು ಮಕ್ಕಳೇ ಭಾಗಾಕಾರ ಮಾಡಿ ತುಂಬಿದರು. ಎರಡನೆಯದು, ಕ್ರಮ. ಒಂದು ಜೋಡಿ ರೇಖಾಂಶವನ್ನು ಮೊದಲು ಹೇಳಿತ್ತು. ಹುಬ್ಬಳ್ಳಿ ಸುಮಾರು 15.36 ಉತ್ತರ, 75.12 ಪೂರ್ವದಲ್ಲಿದೆ. ಅದಲು ಬದಲು ಮಾಡಿ ಗ್ಲೋಬಿನ ಮೇಲೆ ಹುಡುಕಿದಾಗ ಬೆರಳು ನಾರ್ವೆಯ ಉತ್ತರದ ಹಿಮಗಡಲಿನಲ್ಲಿ ನಿಂತಿತು. "ಆಂಬ್ಯುಲೆನ್ಸ್ ಅಲ್ಲಿ ಹೋಗ್ತದ್ರಿ" ಎಂದು ತರಗತಿ ನಕ್ಕಿತು. 'ಮೊದಲು ಉತ್ತರ, ಆಮೇಲೆ ಪೂರ್ವ' ಎಂಬ ಸೂತ್ರವನ್ನು ಅವರೇ ಮಾಡಿಕೊಂಡರು. ಸಮಾಜ ವಿಜ್ಞಾನದಲ್ಲಿ ಕಲಿತ ಅಕ್ಷಾಂಶ, ರೇಖಾಂಶಗಳು ಇಲ್ಲಿ ಮರುಬಳಕೆಯಾದವು.

ಮೌಲ್ಯಮಾಪನ

ಒಂದು ವಾರದ ನಂತರ ನಾಲ್ಕು ಪ್ರಶ್ನೆಗಳನ್ನು ಕೊಟ್ಟೆ.
1. ಕಾಡಿನ ಬಯಲಿನಲ್ಲಿ ಸಿಗ್ನಲ್ ಇಲ್ಲ. ಫೋನು ನಿಮ್ಮ ಅಕ್ಷಾಂಶ, ರೇಖಾಂಶ ತೋರಿಸಬಲ್ಲದೇ? ಕಾರಣ ಕೊಡಿ.
2. ಅದೇ ಜಾಗದಿಂದ ಸ್ಥಾನವನ್ನು ಮನೆಯವರಿಗೆ ಕಳಿಸಲಾಗುವುದೇ?
3. ನೆಲಮಾಳಿಗೆಯ ಅಂಗಡಿಯಲ್ಲಿ ಡೇಟಾ ಇರುವ ಫೋನು ಸ್ಥಾನ ತೋರಿಸಿತು. ಅದು ಉಪಗ್ರಹದಿಂದ ಬಂದಿತೇ?
4. ಒಂದು ಉಪಗ್ರಹದ ಗಡಿಯಾರ ಸೆಕೆಂಡಿನ 10 ಲಕ್ಷದಲ್ಲಿ 2 ಭಾಗ ತಪ್ಪಿದರೆ ದೂರದಲ್ಲಿ ಎಷ್ಟು ತಪ್ಪುತ್ತದೆ?

ಮೊದಲ ಎರಡು ಪ್ರಶ್ನೆಗಳನ್ನು ಹೆಚ್ಚಿನವರು ಸರಿಯಾಗಿ ಬಿಡಿಸಿದರು. ಮೂರನೆಯದರಲ್ಲಿ ಹಲವರು ಮತ್ತೆ 'ಉಪಗ್ರಹದಿಂದ' ಎಂದು ಬರೆದರು. 'ಲೊಕೇಶನ್' ಎಂಬ ಒಂದೇ ಪದದ ಹಿಂದೆ ಉಪಗ್ರಹ, ಟವರು, ವೈಫೈ ಮೂರೂ ಅಡಗಿರುವುದರಿಂದ ಈ ಭೇದ ಮನಸ್ಸಿನಲ್ಲಿ ನಿಲ್ಲಲು ಇನ್ನೊಂದು ಅವಧಿಯಾದರೂ ಬೇಕು. ನಾಲ್ಕನೆಯದಕ್ಕೆ ಉತ್ತರ 600 ಮೀಟರ್. ಸೂತ್ರ ಗೊತ್ತಿದ್ದವರಿಗೂ ಸೊನ್ನೆಗಳನ್ನು ಎಣಿಸುವುದು ಕಷ್ಟವಾಯಿತು. ಘಾತಾಂಕ ರೂಪವನ್ನು ಗಣಿತದ ಶಿಕ್ಷಕರೊಂದಿಗೆ ಸೇರಿ ಮೊದಲೇ ಅಭ್ಯಾಸ ಮಾಡಿಸಿದರೆ ಒಳ್ಳೆಯದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಹೋಲಿಕೆಯ ಫೋನನ್ನು ಹಿಂದಿನ ರಾತ್ರಿಯಿಂದ ಬಂದ್ ಮಾಡಿಡಿ. ಇತ್ತೀಚೆಗೆ ಪಡೆದ ಕಕ್ಷೆಯ ವಿವರ ಕೆಲವು ಗಂಟೆ ಫೋನಿನಲ್ಲಿ ಉಳಿದಿರುತ್ತದೆ. ಆಗ ನೆರವಿಲ್ಲದೆಯೂ ಉತ್ತರ ಬೇಗ ಬಂದು ಹೋಲಿಕೆ ನ್ಯಾಯವಾಗುವುದಿಲ್ಲ. ಸಿಮ್ ತೆಗೆದರಷ್ಟೇ ಸಾಲದು, ವೈಫೈ ಕೂಡ ಬಂದ್ ಇರಬೇಕು. ಮರ ಮತ್ತು ಗೋಡೆಗಳಿಂದ ದೂರ, ಆಕಾಶ ತೆರೆದಿರುವ ಜಾಗ ಆರಿಸಿ. ಗುಟ್ಟಿನ ಊರಿನ ಚಟುವಟಿಕೆಗೆ ನಿಮ್ಮ ಜಿಲ್ಲೆಯ ಊರುಗಳನ್ನೇ ಆರಿಸಿ. ಆದರೆ ಮೂರು ಕೇಂದ್ರಗಳು ಒಂದೇ ಗೆರೆಯಲ್ಲಿರಬಾರದು, ಇದ್ದರೆ ಮೂರನೆಯ ವೃತ್ತವೂ ಎರಡು ಬಿಂದುಗಳಲ್ಲೇ ನಿಲ್ಲುತ್ತದೆ. ಮೊದಲ ಅವಧಿಗೆ ಲೆಕ್ಕ ಮತ್ತು ನಕ್ಷೆ, ಎರಡನೆಯದಕ್ಕೆ ಮೈದಾನ ಎಂದು ಹಂಚಿಕೊಂಡರೆ ಸಮಯ ಸಾಲುತ್ತದೆ.

ಮನೆಗೆಲಸವಾಗಿ ಮಕ್ಕಳಿಗೆ ಫೋನ್ ಬಳಸುವ ಕೆಲಸ ಕೊಡಬೇಡಿ, ಎಲ್ಲರ ಮನೆಯಲ್ಲೂ ಅದು ಇರುವುದಿಲ್ಲ. ಬದಲಿಗೆ ನಾನು ಹೀಗೆ ಕೇಳಿದೆ: ಊರಿಗೆ, ಹೊಲಕ್ಕೆ, ಪ್ರವಾಸಕ್ಕೆ ಹೋಗುವ ಮುನ್ನ ಮನೆಯವರಿಗೆ ಹೇಳಬೇಕಾದ ಮೂರು ವಿಷಯಗಳನ್ನು ಬರೆದು ತನ್ನಿ. 'ಡೇಟಾ ಇದ್ದಾಗಲೇ ನಕ್ಷೆ ಇಳಿಸಿಕೊಳ್ಳಬೇಕು' ಎಂದು ಹಲವರು ಬರೆದಿದ್ದರು. 'ಪ್ಯಾಕ್ ಮುಗದ ಫೋನ್‌ನೂ ಜೊತಿಗೆ ಒಯ್ಯಬೇಕು' ಎಂದು ಕೆಲವರು. 'ಎಲ್ಲಿ ಹೊಂಟೀವಿ, ಯಾವಾಗ ಬರ್ತೀವಿ ಅಂತ ಮನ್ಯಾಗ ಹೇಳಿ ಹೋಗಬೇಕು' ಎಂದು ಒಬ್ಬಳು ಬರೆದಿದ್ದಳು. ಉಪಗ್ರಹ ನಮ್ಮನ್ನು ನೋಡುತ್ತಿಲ್ಲ ಎಂಬುದು ಅರ್ಥವಾಗಿದೆ ಎಂಬುದಕ್ಕೆ ನಾನು ಆ ಉತ್ತರವನ್ನೇ ಸಾಕ್ಷಿಯಾಗಿ ಇಟ್ಟುಕೊಂಡಿದ್ದೇನೆ.